ಪಕ್ಕದವರ ಹೊಲ ನೋಡೋಣ ಬನ್ನಿ: ಊರಿನ ರೈತರು ಕೂಡಿ ಹೊಲ-ತೋಟ ಸುತ್ತುವ ಕ್ರಮ

ಪಕ್ಕದ ಹೊಲದ ಬದುವಿನ ಮೇಲೆ ನಡೆಯುವಾಗ ಬೆಳೆ ಕಡೆ ಕಣ್ಣು ಹಾಯಿಸದ ರೈತರಿಲ್ಲ. ಪೈರು ಯಾಕೆ ಹಳದಿಯಾಗಿದೆ, ಆ ಮೂಲೆಯಲ್ಲಿ ನೀರು ಯಾಕೆ ನಿಂತಿದೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇವೆ. ಸಂಜೆ ಅರಳಿಕಟ್ಟೆಯಲ್ಲಿ ನಾಲ್ಕು ಜನರ ಹತ್ತಿರ ಹೇಳುತ್ತೇವೆ. ಆ ಹೊಲದ ಯಜಮಾನರಿಗೆ ಮಾತ್ರ ಹೇಳುವುದಿಲ್ಲ. ಬೇಜಾರು ಮಾಡಿಕೊಂಡಾರು ಅನ್ನುವ ಸಂಕೋಚ. ಅವರೂ ಕೇಳುವುದಿಲ್ಲ.

ಈ ಸಂಕೋಚದಿಂದ ಊರಿಗೆ ಆಗುವ ನಷ್ಟ ದೊಡ್ಡದು. ಮಣ್ಣು ಒಂದೇ, ಮಳೆ ಒಂದೇ, ಸಂತೆ ಒಂದೇ. ಒಬ್ಬರು ವರ್ಷಗಟ್ಟಲೆ ಕಷ್ಟಪಟ್ಟು ಕಂಡುಕೊಂಡದ್ದು ಎರಡು ಹೊಲದಾಚೆ ಇರುವವರಿಗೆ ಗೊತ್ತೇ ಇರುವುದಿಲ್ಲ. ಅವರು ಅದನ್ನೇ ಮತ್ತೆ ಮೊದಲಿನಿಂದ ಕಲಿಯಬೇಕು.

ರೈತರು ಕೂಡಿ ಸರದಿಯಂತೆ ಒಬ್ಬೊಬ್ಬರ ಹೊಲಕ್ಕೆ ಹೋಗಿ, ನೋಡಿ, ಅಳೆದು, ಕೂತು ಮಾತಾಡುವ ಪದ್ಧತಿಯನ್ನು ಶುರು ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನನ್ನ ಕಣ್ಣ ಮುಂದಿರುವುದು ತಿಪಟೂರು, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಕಡೆಯ ತೆಂಗಿನ ತೋಟ ಮತ್ತು ರಾಗಿ ಹೊಲ. ಅಡಿಕೆ, ಶುಂಠಿ, ತರಕಾರಿ ಬೆಳೆಯುವವರು ತಮ್ಮ ಬೆಳೆಗೆ ಹೊಂದಿಸಿಕೊಳ್ಳಬಹುದು. ಒಂದು ಮಾತನ್ನು ಮಾತ್ರ ಯಾರೂ ಬದಲಾಯಿಸಬಾರದು ಅಂತ ನನ್ನ ಕೋರಿಕೆ: ಮೊದಲು ಕಣ್ಣು, ಆಮೇಲೆ ಗುದ್ದಲಿ, ಕೊನೆಗೆ ಬಾಯಿ. ಈ ಕ್ರಮ ತಪ್ಪಿದ ಗುಂಪುಗಳು ಬೇಗ ಮುರಿದು ಬೀಳುತ್ತವೆ.

ಯಾರನ್ನು ಸೇರಿಸಿಕೊಳ್ಳಬೇಕು

ಎಂಟರಿಂದ ಹನ್ನೆರಡು ಮನೆ ಸಾಕು. ಹದಿನೈದು ದಾಟಿದರೆ ಹಿಂದೆ ನಿಂತವರಿಗೆ ಗುಂಡಿಯೊಳಗಿನ ಮಣ್ಣು ಕಾಣುವುದಿಲ್ಲ, ಅಲ್ಲಲ್ಲೇ ಬೇರೆ ಮಾತು ಶುರುವಾಗುತ್ತದೆ. ನಡೆದು ಅಥವಾ ಬೈಕಿನಲ್ಲಿ ಹತ್ತು ನಿಮಿಷಕ್ಕೆ ತಲುಪುವಷ್ಟು ಹತ್ತಿರದವರೇ ಇರಲಿ. ಒಂದೇ ಹಳ್ಳದ ನೀರು, ಒಂದೇ ಬಗೆಯ ಮಣ್ಣು ಇರುವವರಾದರೆ ಒಬ್ಬರ ಅನುಭವ ಇನ್ನೊಬ್ಬರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮನೆ ಅಂದೆ, ಗಂಡಸರು ಅನ್ನಲಿಲ್ಲ. ಕಳೆ ಕೀಳುವವರು, ಬೀಜ ಎತ್ತಿಡುವವರು, ಹಸುವಿಗೆ ಹುಲ್ಲು ಕೊಯ್ಯುವವರು ಹೆಚ್ಚಾಗಿ ಹೆಂಗಸರು. ಯಾವ ಸಾಲಿನಲ್ಲಿ ಹುಳ ಮೊದಲು ಕಂಡಿತು ಅಂತ ಅವರಿಗೆ ಗೊತ್ತಿರುತ್ತದೆ. ಅವರನ್ನು ಟೀ ಮಾಡಲು ಮನೆಯಲ್ಲಿ ಕೂರಿಸಿ ಗಂಡಸರಷ್ಟೇ ಹೊಲ ಸುತ್ತಿದರೆ ಅರ್ಧ ವಿಷಯ ಮನೆಯಲ್ಲೇ ಉಳಿಯಿತು. ಹಾಲು ಡೈರಿಗೆ ಹಾಕಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿದ ಮೇಲಿನ ಹೊತ್ತು ಇಟ್ಟುಕೊಂಡರೆ ಅವರೂ ಬರಲು ಆಗುತ್ತದೆ.

ಇನ್ನೊಂದು ಮಾತನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ನಮ್ಮ ಊರುಗಳಲ್ಲಿ ಯಾರ ಮನೆಗೆ ಯಾರು ಹೋಗುತ್ತಾರೆ, ಯಾರ ಕೈಯ ಟೀ ಯಾರು ಕುಡಿಯುತ್ತಾರೆ ಅನ್ನುವುದು ಇವತ್ತಿಗೂ ಜಾತಿ ಮೇಲೆ ನಿಂತಿದೆ. ಗುಂಪು ಕಟ್ಟುವ ದಿನವೇ ಇದನ್ನು ತೀರ್ಮಾನಿಸಿ: ಯಾರ ಹೊಲಕ್ಕೆ ಹೋದರೂ ಎಲ್ಲರೂ ಅಲ್ಲಿ ಕೂರಬೇಕು, ಕೊಟ್ಟ ಟೀ ಎಲ್ಲರೂ ಕುಡಿಯಬೇಕು. ಒಪ್ಪದವರು ಗುಂಪಿಗೆ ಬೇಡ. ಹತ್ತು ಎಕರೆಯವರಿಗೂ ಅರ್ಧ ಎಕರೆಯವರಿಗೂ ಸರದಿ ಒಂದೇ. ಅರ್ಧ ಎಕರೆಯಲ್ಲಿ ಸಂಸಾರ ನಡೆಸುವವರ ಹತ್ತಿರ ಕಲಿಯುವುದು ಜಾಸ್ತಿಯೇ ಇರುತ್ತದೆ.

ಬದು ಒತ್ತುವರಿ, ಪೋಡಿ, ದಾಯಾದಿ ಜಗಳ, ರಾಜಕೀಯ, ಕೈಸಾಲ. ಈ ಐದು ಮಾತು ಸುತ್ತಾಟದ ಹೊತ್ತಿನಲ್ಲಿ ಬರಕೂಡದು.

ಯಾವ ಹೊತ್ತಿಗೆ ಹೋಗಬೇಕು

ತಿಂಗಳಿಗೊಂದು ಸುತ್ತು ಸಾಕು. ಆದರೆ ಕ್ಯಾಲೆಂಡರ್ ನೋಡಿ ದಿನ ಇಡುವುದಕ್ಕಿಂತ ಮಳೆ ನೋಡಿ ಇಡುವುದು ಮೇಲು. ಭರಣಿ, ಕೃತ್ತಿಕೆ ಮಳೆಗೆ ಹೆಸರು, ಎಳ್ಳು ಬಿತ್ತುವ ಹೊತ್ತಿನಲ್ಲಿ ಒಂದು ಸುತ್ತು: ಉಳುಮೆ, ಬದು, ನೀರು ಹರಿಯುವ ದಾರಿ ನೋಡಲು. ರಾಗಿ ಬಿತ್ತಿ ಇಪ್ಪತ್ತು–ಮೂವತ್ತು ದಿನಕ್ಕೆ ಇನ್ನೊಂದು: ಸಾಲಿನ ಅಂತರ, ಕಳೆ, ಬುಡದಿಂದ ಒಡೆಯುವ ತೆಂಡೆ ನೋಡಲು. ತೆನೆ ಒಡೆದಾಗ ಮತ್ತೊಂದು: ಬೆಂಕಿ ರೋಗ ನೋಡಲು. ಬೇಸಿಗೆಯಲ್ಲಿ ತೋಟದ ಸುತ್ತು: ನೀರು, ಹೊದಿಕೆ, ಹರಳು ಅಂದರೆ ತೆಂಗಿನ ಎಳೆಕಾಯಿ ಉದುರುವುದನ್ನು ನೋಡಲು.

ಜೋರು ಮಳೆ ಬಂದ ಮಾರನೇ ದಿನ ಹೊಲ ಸುತ್ತುವುದಕ್ಕೆ ಸಮ ಇನ್ನೊಂದಿಲ್ಲ. ನೀರು ಎಲ್ಲಿಂದ ಬಂತು, ಎಲ್ಲಿ ಬದು ಒಡೆಯಿತು, ಎಷ್ಟು ಮಣ್ಣು ಕೊಚ್ಚಿ ಹೋಯಿತು ಎಲ್ಲ ಕಣ್ಣೆದುರಿಗೇ ಇರುತ್ತದೆ. ಆ ದಿನ ಫೋನ್ ಮಾಡಿ ತಕ್ಷಣ ಸೇರುವ ಅಭ್ಯಾಸ ಇಟ್ಟುಕೊಳ್ಳಿ. ನಿಗದಿ ಆಗಿದ್ದ ಸುತ್ತು ಮುಂದೆ ಹೋದರೂ ಪರವಾಗಿಲ್ಲ.

ಬೆಳಗ್ಗೆ ಒಂಬತ್ತರಿಂದ ಹನ್ನೊಂದೂವರೆ ತನಕ ಒಂದು ಹೊಲ. ಒಂದೇ ದಿನ ಮೂರು ಹೊಲ ನೋಡುವ ಆಸೆ ಬೇಡ. ಹಾಗೆ ಮಾಡಿದರೆ ಕಾಲು ನೋಯುತ್ತದೆ, ತಲೆಗೆ ಏನೂ ಹೋಗುವುದಿಲ್ಲ.

ಹೊಲದ ಯಜಮಾನರ ತಯಾರಿ

ಗುಂಪು ಬರುತ್ತದೆ ಅಂತ ತೋಟ ಗುಡಿಸಿ ಚೊಕ್ಕ ಮಾಡಬೇಡಿ. ಬಿದ್ದ ಗರಿ, ಉದುರಿದ ಹರಳು, ಒಣಗಿದ ಗಿಡ ಇದ್ದ ಹಾಗೇ ಇರಲಿ. ಅವೇ ಸಾಕ್ಷಿ. ಚೆನ್ನಾಗಿರುವ ಮೂಲೆಯನ್ನಷ್ಟೇ ತೋರಿಸಿ ಕಳಿಸುವುದಾದರೆ ಕರೆಯುವ ಅಗತ್ಯವೇ ಇಲ್ಲ.

ಒಂದೇ ಒಂದು ಪ್ರಶ್ನೆ ಸಿದ್ಧ ಮಾಡಿಕೊಳ್ಳಿ. "ನನ್ನ ತೋಟ ಹೇಗಿದೆ?" ಅಂದರೆ ಯಾರೂ ಏನೂ ಹೇಳಲಾರರು. "ಪಡುವಣ ದಿಕ್ಕಿನ ಎರಡು ಸಾಲಿನಲ್ಲಿ ಮಾತ್ರ ಕಾಯಿ ಸಣ್ಣದಾಗುತ್ತಿದೆ, ಯಾಕೆ?" ಅಂದರೆ ಹತ್ತು ಜೊತೆ ಕಣ್ಣು ಒಂದೇ ಕಡೆ ಹೋಗುತ್ತದೆ.

ಒಂದು ಹಾಳೆಯಲ್ಲಿ ಹೊಲದ ನಕ್ಷೆ ಬರೆಯಿರಿ. ಅಂದಚಂದ ಬೇಡ. ದಿಕ್ಕು, ಇಳಿಜಾರು, ಬೋರ್‌ವೆಲ್, ಬದು, ಯಾವ ಭಾಗದಲ್ಲಿ ಯಾವ ಬೆಳೆ, ಎಲ್ಲಿ ತೊಂದರೆ ಇಷ್ಟಿರಲಿ. ಹೋದ ವರ್ಷ ಏನು ಹಾಕಿದಿರಿ, ಎಷ್ಟು ಗಾಡಿ ಗೊಬ್ಬರ, ಎಷ್ಟು ಆಳು, ಎಷ್ಟು ಇಳುವರಿ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಸಾಲದ ಲೆಕ್ಕ ಹೇಳಬೇಕಿಲ್ಲ. ಬೆಳೆಯ ಖರ್ಚಿನ ಲೆಕ್ಕ ಹೇಳಲೇಬೇಕು. ಖರ್ಚು ಗೊತ್ತಿಲ್ಲದೆ ಇಳುವರಿ ಹೊಗಳಿದರೆ ಕೇಳಿದವರಿಗೆ ಮೋಸ.

ಈಚೆಗೆ ಔಷಧಿ ಹೊಡೆದಿದ್ದರೆ ಯಾವುದು, ಯಾವತ್ತು ಅಂತ ಮೊದಲೇ ತಿಳಿಸಿ. ಡಬ್ಬಿ ಮೇಲಿನ ಬಣ್ಣದ ಗುರುತು ನೋಡಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹೊಡೆದು ಎರಡು ಮೂರು ದಿನದೊಳಗಿನ ಹೊಲಕ್ಕೆ ಗುಂಪು ಕಾಲಿಡುವುದೇ ಬೇಡ, ದಿನ ಮುಂದೆ ಹಾಕಿ.

ಇಷ್ಟು ಜನರ ಕಣ್ಣು ಬಿದ್ದರೆ ಬೆಳೆಗೆ ದೃಷ್ಟಿ ಆಗುತ್ತದೆ ಅಂತ ಹಿಂಜರಿಯುವವರು ಇರುತ್ತಾರೆ. ವಾದ ಮಾಡಬೇಡಿ. ಅವರು ಮೊದಲು ನಾಲ್ಕು ಮನೆ ಹೊಲ ಸುತ್ತಿ ಬರಲಿ. ತಮ್ಮ ಸರದಿ ಬರುವ ಹೊತ್ತಿಗೆ ಅವರೇ ಕರೆಯುತ್ತಾರೆ.

ಜೊತೆಗೆ ಒಯ್ಯುವ ಸಾಮಾನು

ಗುದ್ದಲಿ, ಒಂದೂವರೆ ಅಡಿಯ ಕಬ್ಬಿಣದ ಸರಳು, ಅಳತೆ ಟೇಪು, ಕುಡುಗೋಲು, ಎರಡು ಬಾಟಲಿ ನೀರು, ಒಂದು ಗಾಜಿನ ಲೋಟ, ಅಳತೆ ಗುರುತಿರುವ ಒಂದು ಲೀಟರ್ ಜಗ್ಗು, ದಪ್ಪ ಪಿವಿಸಿ ಪೈಪಿನ ಅರ್ಧ ಅಡಿ ತುಂಡು, ಭೂತಗನ್ನಡಿ, ನೋಟ್‌ಬುಕ್. ಎಲ್ಲರ ಮನೆಯಲ್ಲೂ ಇರುವ ಸಾಮಾನೇ. ಭೂತಗನ್ನಡಿ ಒಂದನ್ನು ಪಟ್ಟಣದಿಂದ ತರಬೇಕಾಗಬಹುದು, ಅಷ್ಟೇ. ಮಳೆಗಾಲದಲ್ಲಿ ಗಂಬೂಟು, ಕೈಯಲ್ಲೊಂದು ಕೋಲು ಇರಲಿ, ಹುಲ್ಲಿನಲ್ಲಿ ಹಾವಿರುತ್ತದೆ.

ಮೊದಲ ಸುತ್ತು: ಮಾತಿಲ್ಲದೆ

ಯಜಮಾನರು ಹತ್ತು ನಿಮಿಷ ನಕ್ಷೆ ತೋರಿಸಿ ತಮ್ಮ ಪ್ರಶ್ನೆ ಹೇಳಲಿ. ಆಮೇಲೆ ಎಲ್ಲರೂ ಹೊಲದ ಎತ್ತರದ ಬದುವಿಗೆ ಹೋಗಿ. ಅಲ್ಲಿಂದ ನೀರು ಹರಿಯುವ ದಾರಿಯಲ್ಲೇ ಕೆಳಗಿನ ತನಕ ನಡೆಯಿರಿ. ನೀರು ಹೋದ ಕಡೆ ಮಣ್ಣು ಹೋಗುತ್ತದೆ, ಗೊಬ್ಬರ ಹೋಗುತ್ತದೆ, ಕಳೆ ಬೀಜವೂ ಹೋಗುತ್ತದೆ. ಬಾವಿ ಕಡೆಯಿಂದಲೋ ಮನೆ ಕಡೆಯಿಂದಲೋ ಶುರು ಮಾಡಿದರೆ ಈ ಕಥೆ ಕಾಣುವುದಿಲ್ಲ.

ಈ ಸುತ್ತಿನಲ್ಲಿ ಮಾತು ಬೇಡ. ಒಬ್ಬೊಬ್ಬರೂ ಮೂರು ವಿಷಯ ಗಮನಿಸಿ: ಒಂದು ಚೆನ್ನಾಗಿರುವುದು, ಒಂದು ಅರ್ಥವಾಗದ್ದು, ಒಂದು ಕೇಳಬೇಕಾದ್ದು. ಮೊದಲ ಸಲ ಎಲ್ಲರಿಗೂ ಕಷ್ಟವಾಗುತ್ತದೆ. ನಮ್ಮ ಜನಕ್ಕೆ ಹೊಲ ಕಂಡರೆ ಬಾಯಿ ತಡೆಯುವುದಿಲ್ಲ. ಆದರೆ ಒಬ್ಬರು "ಇದು ಜಿಂಕ್ ಕೊರತೆ ಕಣಣ್ಣ" ಅಂದುಬಿಟ್ಟರೆ, ಉಳಿದವರೆಲ್ಲ ಅದನ್ನೇ ಹುಡುಕಲು ಶುರು ಮಾಡುತ್ತಾರೆ. ಅವರವರ ಕಣ್ಣು ಅಲ್ಲಿಗೇ ನಿಂತುಹೋಗುತ್ತದೆ.

ಗುಂಡಿ ತೋಡಿ ಮಣ್ಣು ನೋಡಿ

ಎರಡು ಗುಂಡಿ ತೋಡಿ. ಒಂದು ಬೆಳೆ ಚೆನ್ನಾಗಿರುವ ಜಾಗದಲ್ಲಿ, ಇನ್ನೊಂದು ಸೊರಗಿದ ಜಾಗದಲ್ಲಿ. ಒಂದೂವರೆ ಅಡಿ ಆಳ ಸಾಕು. ಒಂದೇ ಗುಂಡಿ ನೋಡಿದರೆ ಹೋಲಿಸಲು ಏನೂ ಇರುವುದಿಲ್ಲ.

ಮಣ್ಣನ್ನು ಮುಟ್ಟಿ. ಸ್ವಲ್ಪ ನೀರು ಚಿಮುಕಿಸಿ ಉಂಡೆ ಕಟ್ಟಿ, ಆಮೇಲೆ ಅಂಗೈಯಲ್ಲಿ ಉದ್ದಕ್ಕೆ ಹೊಸೆಯಿರಿ. ಉಂಡೆಯೇ ನಿಲ್ಲದಿದ್ದರೆ ಮರಳು ಜಾಸ್ತಿ. ಉಂಡೆ ನಿಂತು, ಹೊಸೆದಾಗ ತುಂಡಾದರೆ ನಡುವಿನ ಹದದ ಮಣ್ಣು. ದಾರದ ಹಾಗೆ ಉದ್ದಕ್ಕೆ ಬಂದು ಬಳೆ ಮಾಡಲು ಬಂದರೆ ಜೇಡಿ. ಮರಳು ಜಾಸ್ತಿ ಇರುವ ಕೆಂಪು ಮಣ್ಣಿಗೆ ಒಂದೇ ಸಲ ಜಾಸ್ತಿ ನೀರು, ಜಾಸ್ತಿ ಯೂರಿಯಾ ಕೊಟ್ಟರೆ ಬೇರು ದಾಟಿ ಕೆಳಗೆ ಹೋಗುತ್ತದೆ. ಎರೆ ಮಣ್ಣಿನಲ್ಲಿ ಹಾಗಲ್ಲ. ಆದ್ದರಿಂದ ಎರೆ ಭೂಮಿಯ ನೆಂಟರು ಹೇಳಿದ ಲೆಕ್ಕವನ್ನು ಕೆಂಪು ಮಣ್ಣಿನ ಕೆಬ್ಬೆ ಹೊಲಕ್ಕೆ ತರುವ ಮೊದಲು ಈ ಉಂಡೆ ಕಟ್ಟಿ ನೋಡುವುದು ಒಳ್ಳೆಯದು.

ಗುಂಡಿಯ ಗೋಡೆಯಲ್ಲಿ ಬೇರು ಎಲ್ಲಿಯ ತನಕ ಇಳಿದಿದೆ ನೋಡಿ. ಐದಾರು ಅಂಗುಲಕ್ಕೆ ಬಂದು ಅಡ್ಡಕ್ಕೆ ತಿರುಗಿದ್ದರೆ ಅಲ್ಲೊಂದು ಗಟ್ಟಿ ಪದರ ಇದೆ. ವರ್ಷಾನುಗಟ್ಟಲೆ ರೋಟವೇಟರನ್ನು ಒಂದೇ ಆಳಕ್ಕೆ ಹೊಡೆದ ಹೊಲಗಳಲ್ಲಿ ಇದು ಸಿಗುತ್ತದೆ. ಮಳೆಯಾದ ಮೇಲೆ ಕಬ್ಬಿಣದ ಸರಳನ್ನು ಅಲ್ಲಲ್ಲಿ ಒತ್ತಿ. ಎಲ್ಲ ಕಡೆ ಒಂದೇ ಆಳದಲ್ಲಿ ತಡೆದರೆ ಅನುಮಾನ ಬೇಡ. ಎರೆಹುಳ ಇದೆಯಾ, ಮಣ್ಣು ಕಾಡಿನ ಮಣ್ಣಿನ ವಾಸನೆ ಬರುತ್ತದಾ, ಇಲ್ಲ ಕೊಳೆತ ವಾಸನೆಯಾ ಅನ್ನುವುದನ್ನೂ ಬರೆದುಕೊಳ್ಳಿ. ಕೊಳೆತ ವಾಸನೆ ಅಂದರೆ ನೀರು ನಿಂತು ಗಾಳಿ ಆಡುತ್ತಿಲ್ಲ.

ನೀರು ಇಂಗುವುದನ್ನು ನೋಡಲು ಪೈಪಿನ ತುಂಡನ್ನು ಎರಡು ಅಂಗುಲ ನೆಲಕ್ಕೆ ಒತ್ತಿ, ಅರ್ಧ ಲೀಟರ್ ನೀರು ಸುರಿದು, ಫೋನಿನಲ್ಲಿ ಸಮಯ ನೋಡಿ. ಹೊದಿಕೆ ಇರುವ ತೆಂಗಿನ ಬುಡದ ಹತ್ತಿರ ಒಂದು ಸಲ, ಬರಿ ನೆಲದಲ್ಲಿ ಇನ್ನೊಂದು ಸಲ. ಗರಿ, ಮಟ್ಟೆ ಹೊದಿಸಿದರೆ ಏನು ಲಾಭ ಅಂತ ಗಂಟೆಗಟ್ಟಲೆ ಭಾಷಣ ಮಾಡುವುದಕ್ಕಿಂತ ಈ ಹತ್ತು ನಿಮಿಷ ಸಾಕು.

ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವುದನ್ನೂ ಅವತ್ತೇ ಕಲಿತುಬಿಡಿ. ಎಷ್ಟೋ ಜನ ಬದುವಿನ ಪಕ್ಕದ ಒಂದು ಹಿಡಿ ಮಣ್ಣು ತಂದು ಕೊಡುತ್ತಾರೆ. ಅದರ ರಿಪೋರ್ಟು ಬದುವಿನದೇ ಆಗುತ್ತದೆ, ಹೊಲದ್ದಲ್ಲ. ಅಂಕುಡೊಂಕಾಗಿ ನಡೆದು ಎಕರೆಗೆ ಎಂಟು–ಹತ್ತು ಕಡೆ ಇಂಗ್ಲಿಷಿನ 'ವಿ' ಆಕಾರದಲ್ಲಿ ಅರ್ಧ ಅಡಿ ಗುಂಡಿ ತೆಗೆಯಿರಿ. ಗುಂಡಿಯ ಪಕ್ಕದಿಂದ ಒಂದು ಅಂಗುಲ ದಪ್ಪ ಮಣ್ಣು ಮೇಲಿಂದ ಕೆಳಗಿನ ತನಕ ಕೆರೆಯಿರಿ. ಎಲ್ಲ ಸೇರಿಸಿ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ಬಿಸಾಕಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ, ನೆರಳಿನಲ್ಲಿ ಒಣಗಿಸಿ. ತಿಪ್ಪೆ ಇದ್ದ ಜಾಗ, ಮರದ ನೆರಳು, ಕಾಲುವೆ ಪಕ್ಕ ಬಿಡಿ. ತೆಂಗಿನ ತೋಟವಾದರೆ ನೆಲದ ಮೇಲಿಂದ ಮೂರಡಿ ಆಳದ ತನಕ ಅಡಿಗೊಂದು ಮಾದರಿ ಬೇರೆ ಬೇರೆ ತೆಗೆಯಬೇಕು.

ನೀರಿನ ಲೆಕ್ಕ

ಬೋರ್‌ವೆಲ್ಲಿನಲ್ಲಿ "ಎರಡಿಂಚು ನೀರಿದೆ" ಅನ್ನುತ್ತೇವೆ. ಅಳೆಯುವುದು ಸುಲಭ: 200 ಲೀಟರ್ ಡ್ರಮ್ಮು ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ. ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್. ಬೇಸಿಗೆಯಲ್ಲಿ ಮತ್ತೆ ಅಳೆಯಿರಿ.

ಡ್ರಿಪ್ ಹಾಕಿದ್ದರೆ ಮೊದಲ ಸಾಲಿನ ಮೊದಲ ಡ್ರಿಪ್ಪರ್, ಕೊನೆ ಸಾಲಿನ ಕೊನೆಯ ಡ್ರಿಪ್ಪರ್ ಎರಡರ ಕೆಳಗೂ ಒಂದೊಂದು ಸಲ ಮೂರು ನಿಮಿಷ ಅಳತೆ ಜಗ್ಗು ಇಡಿ. ಗಂಟೆಗೆ 8 ಲೀಟರಿನ ಡ್ರಿಪ್ಪರ್ 400 ಮಿ.ಲೀ. ಕೊಡಬೇಕು, 4 ಲೀಟರಿನದು 200 ಮಿ.ಲೀ. ಕೊನೆಯದರಲ್ಲಿ ಅರ್ಧಕ್ಕಿಂತ ಕಡಿಮೆ ಬಂದರೆ ಫಿಲ್ಟರ್ ತೊಳೆದು, ಪೈಪಿನ ತುದಿ ಬಿಚ್ಚಿ ಕೊಳೆ ನೀರು ಹೊರಗೆ ಬಿಡಿ. ಗೊಬ್ಬರದ ಕೊರತೆ ಅಂದುಕೊಂಡದ್ದು ಬರಿ ನೀರಿನ ಕೊರತೆಯಾಗಿ ಹೊರಬೀಳುವುದು ಹೀಗೆ.

ಮಳೆ ನೀರಿನದೂ ಒಂದು ಲೆಕ್ಕ ಎಲ್ಲರಿಗೂ ಗೊತ್ತಿರಲಿ. ಒಂದು ಎಕರೆ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಒಂದು ಲಕ್ಷ ಲೀಟರ್ ನೀರು ಬಿದ್ದ ಹಾಗೆ. ಒಂದೇ ಸಂಜೆಯ ಮಳೆ! ಒಡೆದ ಬದುವಿನ ಪಕ್ಕ ನಿಂತು ಈ ಲೆಕ್ಕ ಹೇಳಿ. ಬದು ಕಟ್ಟಲು ಮುಯ್ಯಾಳು ಕೊಡಲು ಜನ ಅಲ್ಲೇ ಒಪ್ಪುತ್ತಾರೆ.

ತೆಂಗಿನ ತೋಟದಲ್ಲಿ ಏನೇನು ನೋಡಬೇಕು

ಮರದ ತಲೆ ನೋಡುವ ಮೊದಲು ಅಂತರ ಅಳೆಯಿರಿ. 30 ಅಡಿಗೊಂದು ಮರವಿದ್ದರೆ ಎಕರೆಗೆ 48. ನಮ್ಮ ಹಳೇ ತೋಟಗಳಲ್ಲಿ ನಡುನಡುವೆ ತೂರಿಸಿ ನೆಟ್ಟ ಮರಗಳು ಬೆಳಕಿಗಾಗಿ ಬಾಗಿ ನಿಂತಿರುತ್ತವೆ. ಅಲ್ಲಿ ಎಷ್ಟು ಗೊಬ್ಬರ ಸುರಿದರೂ ಬೆಳಕು ಬರುವುದಿಲ್ಲ.

ಆರೋಗ್ಯವಾದ ದೊಡ್ಡ ಮರ ತಿಂಗಳಿಗೆ ಹೆಚ್ಚುಕಡಿಮೆ ಒಂದು ಗರಿ, ಒಂದು ಹೊಂಬಾಳೆ ಬಿಡುತ್ತದೆ. ತಲೆಯಲ್ಲಿ ಮೂವತ್ತಕ್ಕೂ ಜಾಸ್ತಿ ಗರಿ ಇರಬೇಕು. ಐದು ಮರದ ಗರಿ ಎಣಿಸಿ, ಗೊನೆ ಎಣಿಸಿ. ಹಸಿರು ಗರಿಯನ್ನೇ ಕಡಿದು ಸೌದೆಗೆ, ಚಪ್ಪರಕ್ಕೆ ಹಾಕುವ ತೋಟ ಅಲ್ಲೇ ಗೊತ್ತಾಗುತ್ತದೆ.

ಗೊಬ್ಬರ ಎಲ್ಲಿ ಹಾಕಿದ್ದಾರೆ ನೋಡಿ. ಬೋದಿಗೆ, ಅಂದರೆ ಮರದ ಕಾಂಡಕ್ಕೆ, ಅಂಟಿಸಿ ಸುರಿದಿದ್ದರೆ ವ್ಯರ್ಥ. ಉಣ್ಣುವ ಬೇರು ಹೆಚ್ಚಾಗಿ ಬೋದಿನ ಸುತ್ತ ಆರಡಿ ದೂರದೊಳಗೆ ಹರಡಿರುತ್ತದೆ. ಗೊಬ್ಬರವನ್ನೂ ಪಾತಿಯ ತುಂಬ ಹರಡಬೇಕು, ಡ್ರಿಪ್ಪರನ್ನೂ ಬೋದಿನಿಂದ ಮೂರಡಿ ದೂರ ಸರಿಸಬೇಕು.

ತೆಂಗಿನಲ್ಲಿ ಅವಸರ ನಡೆಯುವುದಿಲ್ಲ ಅನ್ನುವುದನ್ನು ಗುಂಪು ಮೊದಲೇ ತಿಳಿದಿರಬೇಕು. ಇವತ್ತು ಬಿರಿದ ಹೊಂಬಾಳೆಯ ಮೊಳಕೆ ಮರದೊಳಗೆ ಹುಟ್ಟಿ ಎರಡೂವರೆ ವರ್ಷ ಕಳೆದಿರುತ್ತದೆ. ಅದರ ಹರಳು ಕಾಯಿಯಾಗಿ ಬಲಿಯಲು ಇನ್ನೊಂದು ವರ್ಷ ಬೇಕು. ಈಗ ಕಾಣುವ ಕಡಿಮೆ ಫಸಲು ಹಿಂದಿನ ಬರದ ಫಲವೂ ಆಗಿರಬಹುದು. ಆದ್ದರಿಂದ "ಹೋದ ವರ್ಷ ಏನು ಮಾಡಿದಿರಿ?" ಅಂತ ಕೇಳಿದರೆ ಸಾಲದು, ಮೂರು ವರ್ಷದ ಕಥೆ ಕೇಳಬೇಕು.

ಗರಿಯ ಕೆಳಗಡೆ ಬಿಳಿ ಸುರುಳಿ ಗುರುತು, ಮೇಲ್ಗಡೆ ಕಪ್ಪು ಬೂಸ್ಟು ಕಂಡರೆ ಅದು ಸುರುಳಿ ಬಿಳಿನೊಣ. ಇದು 2016ರಲ್ಲಿ ಪೊಳ್ಳಾಚಿ ಕಡೆ ಮೊದಲು ಕಂಡು ನಮ್ಮ ಕಡೆಗೂ ಬಂತು. ನೋಡಲು ಭಯವಾಗುತ್ತದೆ, ತಕ್ಷಣ ಔಷಧಿ ಹೊಡೆಯಬೇಕು ಅನಿಸುತ್ತದೆ. ಇಲ್ಲೇ ಭೂತಗನ್ನಡಿ ಕೆಲಸಕ್ಕೆ ಬರುವುದು. ಬಿಳಿನೊಣದ ಮರಿಗಳ ಚಿಪ್ಪಿನ ಮೇಲೆ ದುಂಡನೆ ತೂತು ಕಂಡರೆ ಎನ್ಕಾರ್ಸಿಯ ಅನ್ನುವ ಪುಟ್ಟ ಕಣಜ ಒಳಗೆ ಬೆಳೆದು ಹೊರಬಂದಿದೆ ಅಂತ ಅರ್ಥ. ಆ ಕಣಜವೇ ಬಿಳಿನೊಣವನ್ನು ಹತೋಟಿಗೆ ತರುತ್ತದೆ. ವಿಷ ಹೊಡೆದರೆ ಮೊದಲು ಸಾಯುವುದು ಅದು. ಕಪ್ಪು ಬೂಸ್ಟಿಗೆ ಶೇ. 1ರ ಗಂಜಿ ಸಿಂಪಡಿಸಿದರೆ ಒಣಗಿ ಚಕ್ಕೆಯಾಗಿ ಉದುರುತ್ತದೆ. ಹೀಗೆ ಕಣಜ ಇರುವ ಗರಿಯ ತುಂಡುಗಳನ್ನು ಕಣಜ ಇಲ್ಲದ ತೋಟಕ್ಕೆ ಕಟ್ಟಿ ಬರಬಹುದು. ನೆರೆಹೊರೆಯವರು ಕೂಡಿದರೆ ಮಾತ್ರ ಆಗುವ ಕೆಲಸ ಇದು. ಗರಿ ತಿನ್ನುವ ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಅನ್ನುವ ಪರೋಪಜೀವಿ ಕಣಜ ಬಿಡುವುದೂ ಹಾಗೆಯೇ. ಒಬ್ಬರ ತೋಟದಲ್ಲಿ ಬಿಟ್ಟು, ಪಕ್ಕದವರು ವಿಷ ಹೊಡೆದರೆ ಇಬ್ಬರಿಗೂ ನಷ್ಟ.

ಬೋದಿನಿಂದ ಕಂದು ರಸ ಸೋರುತ್ತಿದೆಯಾ, ಬುಡದಲ್ಲಿ ಅಣಬೆ ಎದ್ದಿದೆಯಾ ನೋಡಿ. ಅಣಬೆ ರೋಗ ಮಣ್ಣಿನಲ್ಲಿ ಹರಡುತ್ತದೆ. ಆ ಮರದ ಪಾತಿಯ ನೀರು ಪಕ್ಕದ ಪಾತಿಗೆ ಹರಿಯದ ಹಾಗೆ ಅಂದೇ ತಡೆ ಹಾಕಬೇಕು.

ರಾಗಿ, ಮುಸುಕಿನ ಜೋಳದ ಹೊಲದಲ್ಲಿ

ಬದುವಿನ ಮೇಲೆ ನಿಂತು ನೋಡಿದರೆ ಬೆಳೆ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಇಳಿಯಿರಿ. ಹೊಲದ ಐದು ಕಡೆ, ಕಡೆಗೆ ಹತ್ತು ಗಿಡ ಎಣಿಸಿ. ಐವತ್ತರಲ್ಲಿ ಎಷ್ಟಕ್ಕೆ ತೊಂದರೆ ಇದೆ ಅಂತ ಬರೆಯಿರಿ. "ಎಲ್ಲ ಹುಳ ತಿಂದುಹೋಯ್ತು" ಅಂದ ಹೊಲದಲ್ಲಿ ಐವತ್ತಕ್ಕೆ ನಾಲ್ಕು ಗಿಡ ಸಿಕ್ಕಬಹುದು. "ಏನೂ ಇಲ್ಲ" ಅಂದ ಹೊಲದಲ್ಲಿ ಇಪ್ಪತ್ತು ಸಿಕ್ಕಬಹುದು. ಮುಸುಕಿನ ಜೋಳದ ಫಾಲ್ ಸೈನಿಕ ಹುಳು ದೇಶದಲ್ಲಿ ಮೊದಲು ಪತ್ತೆಯಾಗಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಅದು ಸುಳಿಯೊಳಗೆ ಅಡಗಿರುತ್ತದೆ. ಸುಳಿ ಬಿಡಿಸಿ ನೋಡದೆ ಎಣಿಕೆ ಆಗುವುದಿಲ್ಲ.

ಶತ್ರು ಹುಳದ ಜೊತೆ ಮಿತ್ರ ಹುಳವನ್ನೂ ಎಣಿಸಿ: ಜೇಡ, ಗುಲಗಂಜಿ ಹುಳ, ಕಣಜ. ಈ ಪಾಠ ಬಂದದ್ದು ಇಂಡೋನೇಷ್ಯಾದ ಭತ್ತದ ಗದ್ದೆಗಳಿಂದ. ಅಲ್ಲಿ ಔಷಧಿ ಹೊಡೆದಷ್ಟೂ ಕಂದು ಜಿಗಿಹುಳ ಜಾಸ್ತಿಯಾಯಿತು, ಅದನ್ನು ತಿನ್ನುವ ಜೇಡಗಳು ಸತ್ತಿದ್ದವು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು. 1989ರಿಂದ ರೈತರು ಗುಂಪಾಗಿ ವಾರಕ್ಕೊಮ್ಮೆ ಗದ್ದೆಗಿಳಿದು, ಹುಳ ಎಣಿಸಿ, ಕಂಡದ್ದನ್ನು ದೊಡ್ಡ ಹಾಳೆಯಲ್ಲಿ ಚಿತ್ರ ಬರೆದು ಚರ್ಚೆ ಮಾಡುವ ಕ್ಷೇತ್ರ ಪಾಠಶಾಲೆ ಶುರುವಾಯಿತು. ಮೇಷ್ಟ್ರು ಉತ್ತರ ಹೇಳುವಂತಿಲ್ಲ, ಪ್ರಶ್ನೆ ಮಾತ್ರ ಕೇಳಬೇಕು ಅನ್ನುವುದು ಅದರ ಮುಖ್ಯ ನಿಯಮ. ಹಲವು ದೇಶಗಳಿಗೆ ಹರಡಿದ ಆ ಪದ್ಧತಿಯಿಂದ ನಾವು ತೆಗೆದುಕೊಳ್ಳಬೇಕಾದ್ದು ಈ ಎಣಿಕೆ ಮತ್ತು ಆ ಚಿತ್ರ. ಓದು ಬರಹ ಬಾರದವರೂ ಚಿತ್ರ ನೋಡಿ ಮಾತಾಡುತ್ತಾರೆ.

ರಾಗಿಯಲ್ಲಿ ಎಲೆ ಮೇಲೆ ನೂಲುವ ಕದಿರಿನ ಆಕಾರದ ಚುಕ್ಕೆ, ನಡುವೆ ಬೂದು ಬಣ್ಣ ಕಂಡರೆ ಬೆಂಕಿ ರೋಗ. ತೆನೆಯ ಕತ್ತಿನಲ್ಲಿ, ತೆನೆಯ ಬೆರಳುಗಳಾದ ಇಲುಕಿನಲ್ಲಿ ಬಂದರೆ ಕಾಳು ಜೊಳ್ಳು. ಯಾವ ತಳಿ ಅಂತ ಕೇಳಿ. ಜಿಪಿಯು-28 ಬೆಂಕಿ ರೋಗ ತಡೆಯುತ್ತದೆ ಅಂತಲೇ ಹೆಸರಾದದ್ದು.

ನೋಡಿ ಕಲಿಯುವುದಕ್ಕೆ ಹಾವೇರಿ ಕಡೆಯ ಗುಳಿ ರಾಗಿಗಿಂತ ಒಳ್ಳೆಯ ಉದಾಹರಣೆ ಬೇಡ. ಚೌಕ ಚೌಕವಾಗಿ ಗುಳಿ ಮಾಡಿ, ಗೊಬ್ಬರ ಹಾಕಿ, ಎರಡು ಪೈರು ನೆಟ್ಟು, ಬೆಳೆಯುವ ಪೈರಿನ ಮೇಲೇ ಕೊರಡು ಎಳೆಯುತ್ತಾರೆ. ಪೈರು ಬಾಗಿ ಬುಡದಿಂದ ತೆಂಡೆ ಒಡೆಯುತ್ತದೆ. ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಬೆಳೆದ ಪೈರಿನ ಮೇಲೆ ಯಾರಾದರೂ ಮರದ ತುಂಡು ಎಳೆಯುತ್ತಾರಾ? ಹೊಲಕ್ಕೆ ಹೋಗಿ ತೆಂಡೆ ಎಣಿಸಿದವರು ಮಾತ್ರ ಮನೆಗೆ ಬಂದು ಮಾಡುತ್ತಾರೆ.

ಕೂತು ಮಾತಾಡುವ ಕ್ರಮ

ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ನೆರಳಲ್ಲಿ ಸುತ್ತ ಕೂರಿ. ವಯಸ್ಸಿನಲ್ಲಿ ಚಿಕ್ಕವರು ಮೊದಲು ಮಾತಾಡಲಿ, ಹಿರಿಯರು ಕೊನೆಗೆ. ದೊಡ್ಡ ಯಜಮಾನರು ಮೊದಲೇ ತೀರ್ಪು ಕೊಟ್ಟರೆ ಹುಡುಗರೂ ಹೆಂಗಸರೂ ಬಾಯಿ ಬಿಡುವುದಿಲ್ಲ. ಗೌರವದಿಂದಲೇ ಸುಮ್ಮನಾಗುತ್ತಾರೆ. ಹಿರಿಯರ ಹತ್ತಿರ ಮೊದಲೇ ಹೋಗಿ, "ಮಾವ, ನೀವು ಕೊನೆಗೆ ಎಲ್ಲ ಕೇಳಿ ಹೇಳಿ" ಅಂತ ಕೇಳಿಕೊಂಡರೆ ಒಪ್ಪುತ್ತಾರೆ. ಅದು ಅವರಿಗೆ ಮರ್ಯಾದೆಯೂ ಹೌದು.

ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಾವು ಕಂಡ ಒಂದು ಒಳ್ಳೆಯ ವಿಷಯ ಹೇಳಬೇಕು. ಬಾಯಿ ಉಪಚಾರ ಬೇಡ, ನಿಜವಾಗಿ ಕಂಡದ್ದು ಹೇಳಿ. ಎರಡನೇ ಸುತ್ತಿನಲ್ಲಿ ಪ್ರಶ್ನೆ ಮಾತ್ರ. ಮೂರನೇ ಸುತ್ತಿನಲ್ಲಿ ಸಲಹೆ. ಸಲಹೆ ಹೇಳುವವರು "ನೀನು ಹೀಗೆ ಮಾಡು" ಅನ್ನಬಾರದು. "ನನ್ನ ಹೊಲದಲ್ಲಿ ಹೀಗೆ ಮಾಡಿದೆ, ಮಣ್ಣು ಇಂಥದ್ದು, ಇಷ್ಟು ಖರ್ಚಾಯ್ತು, ಹೀಗಾಯ್ತು" ಅನ್ನಬೇಕು. ತಾನು ಮಾಡಿಲ್ಲದ್ದನ್ನು, ವಾಟ್ಸಾಪಿನಲ್ಲಿ ಬಂದದ್ದನ್ನು ಹೇಳುವುದಾದರೆ ಹಾಗಂತ ಬಿಡಿಸಿ ಹೇಳಲಿ.

ಉದಾಹರಣೆಗೆ ಹೀಗೆ:

"ಅಣ್ಣ, ಆ ಮೂಲೇಲಿ ಹೋದ ವರ್ಷ ಏನು ಹಾಕಿದ್ರಿ?"

"ಹುರುಳಿ ಚೆಲ್ಲಿದ್ದೆ ಕಣಮ್ಮ. ಕೊಯ್ಯಲಿಲ್ಲ, ಹೂ ಬಂದಾಗ ಉತ್ತುಬಿಟ್ಟೆ."

"ಅದಕ್ಕೇ ಇರ್ಬೇಕು, ಅಲ್ಲಿ ಮಣ್ಣು ಕೈಗೆ ಮೆತ್ತಗೆ ಸಿಕ್ತು. ಈ ಕಡೆ ಗಟ್ಟಿ ಐತೆ."

ಇಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಉತ್ತರ ಹೊಲದಲ್ಲೇ ಇತ್ತು, ಪ್ರಶ್ನೆ ಅದನ್ನು ಹೊರಗೆ ತಂದಿತು.

ಸಲಹೆಗಳು ಬರುವಾಗ ಯಜಮಾನರು ಸಮರ್ಥನೆಗೆ ಇಳಿಯಬಾರದು. ಬರೆದುಕೊಳ್ಳಲಿ. ಕೊನೆಗೆ ಎಲ್ಲದರಲ್ಲಿ ಒಂದನ್ನು ಮಾತ್ರ ಆರಿಸಿ, "ಇದನ್ನು ಮಾಡಿ ನೋಡುತ್ತೇನೆ" ಅನ್ನಲಿ. ಒಂದೂ ಒಪ್ಪಿಗೆಯಾಗದಿದ್ದರೆ ಹಾಗೆಂದೇ ಹೇಳಲಿ. ಹೊಲ ಅವರದು, ನಷ್ಟವಾದರೆ ಅವರದೇ.

ರೋಗ ಯಾವುದೆಂದು ಖಚಿತವಾಗದೆ ಔಷಧಿಯ ಹೆಸರು ಹೇಳುವುದನ್ನು ಪೂರ್ತಿ ನಿಲ್ಲಿಸಿ. ಗೊಬ್ಬರದ ಅಂಗಡಿ, ಕಂಪನಿಯವರು ಊಟ ಕೊಡಿಸುತ್ತೇವೆ ಅಂದರೂ ಒಪ್ಪಬೇಡಿ. ಟೀ ಮಂಡಕ್ಕಿಯಲ್ಲೇ ಮುಗಿಸಿ. ಊಟದ ಉಪಚಾರ ಶುರುವಾದರೆ ಬಡವರು ತಮ್ಮ ಸರದಿಗೆ ಹೆದರುತ್ತಾರೆ.

ರೋಗ ಹೊತ್ತು ತರಬೇಡಿ

ಹತ್ತು ಜೊತೆ ಕಾಲು ಹತ್ತು ಹೊಲದ ಮಣ್ಣು ಹೊತ್ತಿರುತ್ತದೆ. ಶುಂಠಿ, ಟೊಮೆಟೊ, ಬಾಳೆ ಹೊಲಗಳಿಗೆ ಇದು ದೊಡ್ಡ ಅಪಾಯ. ಸೊರಗು ರೋಗದ ಅನುಮಾನ ಇರುವ ಹೊಲಕ್ಕೆ ಕೊನೆಗೆ ಹೋಗಿ, ಹೊರಬರುವಾಗ ಚಪ್ಪಲಿ, ಗುದ್ದಲಿ ತೊಳೆಯಿರಿ. ಟೊಮೆಟೊ ಗಿಡ ಹಸಿರಾಗಿದ್ದಾಗಲೇ ದಿಢೀರ್ ಬಾಡಿದರೆ, ಬುಡದ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿಗೆ ಹಾಲಿನಂಥ ಬಿಳಿ ಎಳೆ ಇಳಿದರೆ ಬ್ಯಾಕ್ಟೀರಿಯಾ ಸೊರಗು. ಶಿಲೀಂಧ್ರದ ಔಷಧಿಗೆ ದುಡ್ಡು ಹಾಕುವುದು ದಂಡ. ಗಿಡ ಕಿತ್ತು ಸುಡಬೇಕು, ಆ ಜಾಗದ ನೀರು ಬೇರೆ ಕಡೆ ಹರಿಯದಂತೆ ನೋಡಿಕೊಳ್ಳಬೇಕು.

ಪುಸ್ತಕ ಮತ್ತು ಹೋಲಿಕೆ ಸಾಲು

ಒಬ್ಬರು ಪುಸ್ತಕ ಇಡಲಿ. ಓದುವ ಮಕ್ಕಳಿದ್ದರೆ ಅವರಿಗೇ ಕೊಡಿ. ದಿನಾಂಕ, ಯಾರ ಹೊಲ, ಏನು ಪ್ರಶ್ನೆ, ಎಣಿಸಿದ್ದು ಅಳೆದದ್ದು ಎಷ್ಟು, ಯಜಮಾನರು ಆರಿಸಿಕೊಂಡದ್ದು ಏನು, ಮತ್ತೆ ಯಾವಾಗ ನೋಡುವುದು. ಒಂದು ಪುಟ ಸಾಕು. ಫೋಟೋ ತೆಗೆಯುವುದಾದರೆ ಇಡೀ ಗಿಡ, ಎಲೆಯ ಮೇಲ್ಭಾಗ, ಕೆಳಭಾಗ ಮೂರೂ ತೆಗೆಯಿರಿ.

ಆರಿಸಿಕೊಂಡ ಸಲಹೆಯನ್ನು ಇಡೀ ಹೊಲಕ್ಕೆ ಮಾಡಬೇಡಿ. ತೋಟದಲ್ಲಿ ಹತ್ತು ಮರಕ್ಕೆ ಮಾಡಿ, ಪಕ್ಕದ ಹತ್ತು ಮರ ಮೊದಲಿನಂತೆ ಬಿಡಿ. ಮರಕ್ಕೆ ಬಣ್ಣದ ಗುರುತು ಹಾಕಿ. ಹೊಲದಲ್ಲಿ ಹತ್ತು ಸಾಲು ಬಿಟ್ಟು ನೋಡಿ. ಒಳ್ಳೆಯ ಮಳೆ ಬಂದ ವರ್ಷ ಏನು ಮಾಡಿದ್ದರೂ ಬೆಳೆ ಬರುತ್ತದೆ. ಆಗ ಸಲಹೆಯಿಂದ ಬಂತಾ, ಮಳೆಯಿಂದ ಬಂತಾ ಅಂತ ತಿಳಿಯಲು ಬೇರೆ ದಾರಿ ಇಲ್ಲ.

ಗುಂಪಿಗೆ ಬಗೆಹರಿಯದಿದ್ದರೆ

ಎರಡು ಸುತ್ತು ನೋಡಿದರೂ ಕಾರಣ ಸಿಗದಿದ್ದರೆ ಮಾದರಿ ತೆಗೆದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ತುಮಕೂರು ಜಿಲ್ಲೆಯಲ್ಲಿ ತಿಪಟೂರಿನ ಕೊನೇಹಳ್ಳಿಯಲ್ಲಿ ಒಂದು, ಹಿರೇಹಳ್ಳಿಯಲ್ಲಿ ಒಂದು ಇವೆ. ಹೋಬಳಿಯ ರೈತ ಸಂಪರ್ಕ ಕೇಂದ್ರ ಇದ್ದೇ ಇದೆ. ಕಿಸಾನ್ ಕಾಲ್ ಸೆಂಟರಿನ ನಂಬರು 1800-180-1551, ಕನ್ನಡದಲ್ಲೇ ಮಾತಾಡಬಹುದು. ಒಬ್ಬೊಬ್ಬರೇ ಹೋಗಿ "ತೋಟ ಹಾಳಾಗಿದೆ ಸಾರ್" ಅನ್ನುವುದಕ್ಕೂ, ಗುಂಪಾಗಿ ಎಣಿಕೆ ಪುಸ್ತಕ ಹಿಡಿದು ಹೋಗುವುದಕ್ಕೂ ತುಂಬ ವ್ಯತ್ಯಾಸ ಇದೆ. ವಿಜ್ಞಾನಿಗಳನ್ನು ಹೊಲಕ್ಕೆ ಕರೆಸಿದಾಗಲೂ ಅದೇ ನಿಯಮ: ಮೊದಲು ಸುತ್ತು, ಗುಂಡಿ, ಆಮೇಲೆ ಮಾತು.

ಸುಗ್ಗಿ, ಮದುವೆ, ಜಾತ್ರೆ ಬಂದಾಗ ಗುಂಪು ಕರಗುತ್ತದೆ. ಚಿಂತೆ ಬೇಡ. ಡಿಸೆಂಬರ್, ಜನವರಿಯಲ್ಲಿ ಸುತ್ತು ಬಿಟ್ಟು, ಕಣದಲ್ಲೇ ಒಂದು ಸಲ ಸೇರಿ ಇಳುವರಿ ಬರೆದುಕೊಳ್ಳಿ. ಎಲ್ಲರ ಸರದಿ ಮುಗಿದ ಮೇಲೆ ಹೊಸ ಹೊಲ ಹುಡುಕಬೇಡಿ. ಮೊದಲು ಹೋದ ಹೊಲಕ್ಕೇ ಪುಸ್ತಕ ಹಿಡಿದು ಹೋಗಿ. ಅದೇ ಎರಡು ಜಾಗದ ಪಕ್ಕದಲ್ಲಿ ಗುಂಡಿ ತೋಡಿ, ಅದೇ ಮರಗಳ ಗೊನೆ ಎಣಿಸಿ, ಹೋದ ವರ್ಷದ ಅಂಕಿಯ ಎದುರು ಈ ವರ್ಷದ್ದು ಬರೆಯಿರಿ.